ಷಡ್ಡಕನ ಸೋಲಾರ್

ಹೊಟ್ಟೆಕಿಚ್ಚಿನಿಂದ ಕರೆಂಟ್ ತೆಗೆಯುವ ವಿದ್ಯೆಯನ್ನು ಯಾರಾದರೂ ಕಂಡುಹಿಡಿದಿದ್ದರೆ ನಮ್ಮ ತಾರಸಿಗೆ ಯಾವ ಪ್ಯಾನೆಲ್ಲೂ ಬೇಕಾಗಿರಲಿಲ್ಲ, ನಾನೊಬ್ಬನೇ ಸಾಕಾಗಿತ್ತು. ನನಗೆ ಹೊಟ್ಟೆಕಿಚ್ಚೇ ಇಲ್ಲ ಅನ್ನುವವನನ್ನು ನಾನು ನಂಬುವುದಿಲ್ಲ. ಎಲ್ಲರಿಗೂ ಇರುತ್ತೆ. ಆದರೆ ಅದರಲ್ಲೂ ತರಾವರಿ ಇದೆ ಕಣ್ರೀ. ಪಕ್ಕದ ಮನೆಯವನ ಮೇಲಿನದು ಕಿಟಕಿ ಮುಚ್ಚಿಕೊಂಡರೆ ಆರಿಹೋಗುತ್ತೆ. ಅಣ್ಣತಮ್ಮಂದಿರದು ಪಾಲು ಹಂಚಿಕೆಯಾದ ಮೇಲೆ ಎರಡು ಮಳೆಗಾಲಕ್ಕೆ ತಣ್ಣಗಾಗುತ್ತೆ. ಷಡ್ಡಕನ ಮೇಲೆ ಹುಟ್ಟಿದ್ದು ಮಾತ್ರ ಜನ್ಮಕ್ಕಂಟಿದ್ದು. ಯಾಕೆಂದರೆ ಅವನನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವವರು ಒಬ್ಬರಿರುತ್ತಾರೆ. ಅವರೇ ಅತ್ತೆ.

ನನ್ನ ಹೆಂಡತಿ ಸುಮಾಳ ತಂಗಿಯ ಗಂಡ ಪ್ರಕಾಶ. ಶಿವನಿಯಲ್ಲಿ ತೆಂಗಿನ ತೋಟ ಇಟ್ಟುಕೊಂಡಿದ್ದಾನೆ. ನಾನು ಕಡೂರಿನಲ್ಲಿ ಜೆರಾಕ್ಸ್ ಅಂಗಡಿಯವನು, ಲೆಕ್ಕದಲ್ಲಿ ದೊಡ್ಡಳಿಯ. ಅತ್ತೆ ಇರುವುದು ಪಂಚನಹಳ್ಳಿಯಲ್ಲಿ, ಮಗನ ಜೊತೆ. ಮದುವೆಯಾದಾಗಿನಿಂದ ಅವರು ನನ್ನ ಹತ್ತಿರ ನೇರವಾಗಿ ಒಂದು ಮಾತೂ ಆಡಿದವರಲ್ಲ. ಜಗಳವೇನೂ ಇಲ್ಲ, ಮರ್ಯಾದೆ. ನಾನು ಮೊಳ ದೂರದಲ್ಲಿ ಕೂತಿದ್ದರೂ, "ಅಳಿಯಂದಿರು ಊಟಕ್ಕೆ ಏಳ್ತಾರಂತೇನೇ?" ಅಂತ ಮಗಳನ್ನೇ ಕೇಳೋರು. "ಎದ್ದೆ ಅಂತ ಹೇಳು" ಅಂತ ನಾನೂ ಹೆಂಡತಿಗೇ ಹೇಳೋನು. ಒಂದು ಸಲ ಸುಮಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಒಲೆ ಮೇಲೆ ಹಾಲಿತ್ತು. ಅತ್ತೆ ಜಪಮಣಿ ಹಿಡಿದು ಕೂತಿದ್ದವರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, "ಹಾಲು ಉಕ್ಕೋ ಹಂಗಿದೆ, ಯಾರಾದ್ರೂ ಇಳಿಸಿದ್ರೆ ಪುಣ್ಯ ಬರುತ್ತೆ" ಅಂದರು. ಆ ಪುಣ್ಯ ನಾನೇ ಕಟ್ಟಿಕೊಂಡೆ. ಅಳಿಯ ಅಂದಮೇಲೆ ಈ ಗತ್ತು ಇರಬೇಕು ಅಂತ ಒಳಗೊಳಗೇ ಬೀಗುತ್ತಿದ್ದೆ ಕೂಡ.

ಹೀಗಿರುವಾಗ ಪ್ರಕಾಶ ಬ್ಯಾಟರಿ ಸಮೇತ ಸೋಲಾರ್ ಹಾಕಿಸಿದ. ಅವನ ಮಗುವಿನ ನಾಮಕರಣಕ್ಕೆ ಅಂತ ಶಿವನಿಗೆ ಹೋಗಿದ್ದೆವು. ಊಟದ ಹೊತ್ತಿಗೆ ಊರಿಗೆಲ್ಲ ಕರೆಂಟ್ ಹೋಯ್ತು. ಅವನ ಮನೆ ಫ್ಯಾನು ಮಾತ್ರ ನಿಲ್ಲಲೇ ಇಲ್ಲ, ಅತ್ತೆಯ ಧಾರಾವಾಹಿಯೂ ನಿಲ್ಲಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅತ್ತೆ ಅವನ ಕಡೆ ತಿರುಗಿ, "ಏನಪ್ಪಾ ಪ್ರಕಾಶ, ಇವತ್ತು ಬಿಸಿಲು ಜೋರಾಗಿತ್ತಲ್ಲ, ಬ್ಯಾಟ್ರಿ ತುಂಬ್ತಾ?" ಅಂದರು. ನೇರವಾಗಿ! ಹೆಸರು ಹಿಡಿದು! ಆ ಬಡ್ಡೀಮಗ ಸಂಕೋಚವಿಲ್ಲದೆ, "ತುಂಬಿ ತುಳುಕ್ತಾ ಐತೆ ಕಣತ್ತೆ" ಅಂದ. ಕಣತ್ತೆಯಂತೆ! ನನ್ನ ಬಾಯಲ್ಲಿದ್ದ ಹೋಳಿಗೆ ಅಲ್ಲೇ ಉಳಿಯಿತು. ಇಷ್ಟು ವರ್ಷ ನಾನು ಮರ್ಯಾದೆ ಅಂದುಕೊಂಡಿದ್ದು ಬರೀ ದೂರ ಅಂತ ಅವತ್ತು ಗೊತ್ತಾಯಿತು. ನನಗೂ ಒಂದು "ಏನಪ್ಪಾ" ಬೇಕು ಅನ್ನಿಸಿತು. ನರೆತ ಮೀಸೆ ಇಟ್ಟುಕೊಂಡು ಇದೆಂಥ ಆಸೆ ಅಂತ ನೀವು ನಗಬಹುದು. ನಗ್ರಿ.

ಅಲ್ಲಿಂದಾಚೆ ಅತ್ತೆ ಪಂಚನಹಳ್ಳಿಯಿಂದ ಬಸ್ಸಲ್ಲಿ ಕಡೂರಿಗೆ ಬಂದು, ನಮ್ಮ ಮನೆ ಕಡೆ ತಲೆಯನ್ನೂ ಹಾಕದೆ ಸೀದಾ ಶಿವನಿಯ ರೈಲು ಹತ್ತುವುದು ಶುರುವಾಯಿತು. ಸುಮಾ ಡಬ್ಬಿಯಲ್ಲಿ ಉಪ್ಪಿಟ್ಟು ಕಟ್ಟಿಕೊಂಡು ಸ್ಟೇಷನ್ನಿಗೇ ಹೋಗಿ ಅಮ್ಮನನ್ನು ನೋಡಿಕೊಂಡು ಬರುತ್ತಿದ್ದಳು. "ನಿಮ್ಮನೇಲಿ ಕರೆಂಟೇ ನಿಲ್ಲಲ್ವಲ್ಲೇ, ಬೇಸಿಗೆ ಕಳೀಲಿ ಬತ್ತೀನಿ ಅಂದ್ಲು ಅಮ್ಮ" ಅಂತ ವರದಿ ಒಪ್ಪಿಸುತ್ತಿದ್ದಳು. ಕೈಲಾಗದವನು ಮೈಯೆಲ್ಲ ಪರಚಿಕೊಂಡ ಅಂತಾರಲ್ಲ, ಹಾಗೆ ಒಂದಷ್ಟು ದಿನ ಪರಚಿಕೊಂಡೆ. ಆಮೇಲೆ, ಅವನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತ ಸೋಲಾರ್ ಹಾಕಿಸಲು ಹೊರಟೆ.

ಹಾಕುವವರನ್ನು ಹೇಗೆ ಆರಿಸಬೇಕು ಅನ್ನುವ ಬಗ್ಗೆ ಮೊಬೈಲಿನಲ್ಲಿ ಬೇಕಾದಷ್ಟು ವಿಡಿಯೋಗಳಿವೆ. ಗ್ಯಾರಂಟಿ ನೋಡಿ, ಇನ್ವರ್ಟರ್ ನೋಡಿ, ರಿಪೇರಿಗೆ ಬರ್ತಾರಾ ನೋಡಿ ಅಂತ. ನಾನು ಅದ್ಯಾವುದನ್ನೂ ನೋಡಲಿಲ್ಲ. "ಪ್ರಕಾಶನ ಮನೆಗೆ ಹಾಕಿದ ಅಜ್ಜಂಪುರದವರನ್ನೇ ಕರೀರಿ, ಚೆನ್ನಾಗಿ ಮಾಡವ್ರೆ" ಅಂದಳು ಸುಮಾ. ಅದೇ ಕಾರಣಕ್ಕೆ ಅವರು ಬೇಡವಾದರು. ಕಡೂರಿನವನೊಬ್ಬ ಮನೆಗೆ ಬಂದು ಟೇಪು ಹಿಡಿದು ತಾರಸಿ ಎಲ್ಲಾ ಅಳೆದ. ಒಳ್ಳೆಯವನೇ. ಕಾಫಿ ಕುಡಿಯುತ್ತಾ, "ಸಾರ್, ಶಿವನೀಲಿ ಪ್ರಕಾಶಪ್ಪೋರು ಅಂತ ಅವ್ರೆ, ಒಂದ್ಸಲ ಅವರ ಮನೆ ನೋಡ್ಕೊಂಡು ಬನ್ನಿ" ಅಂದ. ಲೋಟ ಕೆಳಗಿಡುವ ಮೊದಲೇ ಅವನನ್ನು ಸಾಗಹಾಕಿದೆ. ಕೊನೆಗೆ ತರೀಕೆರೆಯವನು ಬಂದ. "ಶಿವನಿ ಕಡೆ ಯಾರಾದ್ರೂ ಪರಿಚಯ ಇದಾರೇನಪ್ಪ?" ಅಂತ ಕೇಳಿದೆ. "ಇಲ್ಲ ಸಾರ್, ಆ ಕಡೆ ನಾವು ಹೋಗೇ ಇಲ್ಲ" ಅಂದ. ಕೈ ಕುಲುಕಿ ಕೆಲಸ ಒಪ್ಪಿಸಿಬಿಟ್ಟೆ.

ಪಾಪ, ಅವನು ಪ್ರಾಮಾಣಿಕ. "ಸಾರ್, ಇದು ಕರೆಂಟ್ ಲೈನಿಗೆ ಸೇರಿಸೋದು. ಬ್ಯಾಟ್ರಿ ಇಡೋದೋ, ಬ್ಯಾಡ್ವೋ?" ಅಂದ. ಬ್ಯಾಟರಿ ಪ್ರಕಾಶನ ಮನೆಯಲ್ಲೂ ಇದೆ, ಅದೂ ಮೂಲೆಯಲ್ಲಿ ಕೂತಿರುತ್ತೆ, ಯಾರ ಕಣ್ಣಿಗೆ ಬೀಳುತ್ತೆ? "ಬ್ಯಾಟ್ರಿ ಬ್ಯಾಡ, ಅದರ ಬದ್ಲು ಇನ್ನಷ್ಟು ಪ್ಯಾನೆಲ್ ಜಡಿ. ರೈಲಲ್ಲಿ ಹೋಗೋರಿಗೂ ಕಾಣ್ಬೇಕು" ಅಂದೆ. "ಅಲ್ಲ ಸಾರ್, ಕರೆಂಟ್ ಹೋದಾಗ..." ಅಂತ ಅವನು ಬಾಯಿ ತೆಗೆದ. "ಹೋದ್ರೆ ಹೋಗ್ಲಿ ಬಿಡಯ್ಯ! ನಮ್ಮದು ಸೋಲಾರು, ನಮಗೇನು?" ಅಂತ ಅವನ ಬಾಯಿ ಮುಚ್ಚಿಸಿದೆ.

ತಾರಸಿ ತುಂಬಾ ಪ್ಯಾನೆಲ್ ಮಿಂಚಿದವು. ಸುದ್ದಿ ಪಂಚನಹಳ್ಳಿ ಮುಟ್ಟಿತು. ಈ ಸಲ ಅತ್ತೆ ಬಸ್ಸಿಳಿದು ಸೀದಾ ನಮ್ಮ ಮನೆಗೇ ಬಂದರು. ನಾನು ಅಂಗಡಿಗೆ ಬೀಗ ಹಾಕಿ ಬಂದು, ಅವರೆದುರು ಕೂತು, ಕರೆಂಟ್ ಯಾವಾಗ ಹೋಗುತ್ತಪ್ಪಾ ಅಂತ ಕಾಯತೊಡಗಿದೆ. ಜೆರಾಕ್ಸ್ ಅಂಗಡಿಯವನು ಕರೆಂಟ್ ಹೋಗಲಿ ಅಂತ ದೇವರಿಗೆ ಹರಕೆ ಹೊತ್ತದ್ದು ಅದೇ ಮೊದಲಿರಬೇಕು. ದೇವರು ಕಣ್ಣುಬಿಟ್ಟ. ಸುಡು ಸುಡು ಮಧ್ಯಾಹ್ನ, ಧಾರಾವಾಹಿಯಲ್ಲಿ ಸೊಸೆ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೊರಡುವ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ "ಹೋಯ್ತು!" ಅಂತ ಕೂಗು ಕೇಳಿಸಿತು. ನಾನು ಮೀಸೆ ನೇವರಿಸಿಕೊಂಡೆ. ನಮ್ಮ ಟಿವಿಯೂ ಕಪ್ಪಾಯಿತು. ಫ್ಯಾನು ತಿರುಗಿ ತಿರುಗಿ ನಿಂತೇ ಹೋಯಿತು.

ತಾರಸಿಗೆ ಬರಿಗಾಲಲ್ಲಿ ಓಡಿದೆ. ಕಾಲು ಚುರ್ ಅಂದಿತು. ಪ್ಯಾನೆಲ್‌ಗಳು ನೋಡಲಾಗದಷ್ಟು ಹೊಳೆಯುತ್ತಿದ್ದವು. ತರೀಕೆರೆಯವನಿಗೆ ಫೋನಿನಲ್ಲಿ ರೇಗಿದರೆ, "ಬ್ಯಾಟ್ರಿ ಇಲ್ಲದಿದ್ರೆ ಲೈನ್ ಜೊತೆ ಇದೂ ಆಫ್ ಆಗುತ್ತೆ ಸಾರ್. ಇಲ್ದಿದ್ರೆ ಲೈನ್ ರಿಪೇರಿ ಮಾಡೋರಿಗೆ ಶಾಕ್ ಹೊಡೆಯುತ್ತೆ. ಅವತ್ತು ಹೇಳೋಕೆ ಬಂದೆ, ನೀವೇ ಬಿಡ್ಲಿಲ್ಲ" ಅಂದ.

ತಲೆ ತಗ್ಗಿಸಿಕೊಂಡು ಇಳಿದು ಬಂದೆ. ಸುಮಾ ಪಕ್ಕದಲ್ಲೇ ನಿಂತಿದ್ದಳು. ಆದರೂ ಅತ್ತೆ ಅವಳ ಕಡೆ ನೋಡದೆ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನನ್ನ ಮುಖವನ್ನೇ ದಿಟ್ಟಿಸಿದರು. "ಏನಪ್ಪಾ," ಅಂದರು, "ನೆತ್ತಿ ಮೇಲೆ ಅಷ್ಟೊಂದು ಬಿಸಿಲಿಟ್ಕೊಂಡು ಬೆವರಿಳಿಸ್ಕೊಂಡು ನಿಂತಿದ್ದೀಯಲ್ಲ, ಪ್ರಕಾಶನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?"

ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ನಾನು ಹಂಬಲಿಸಿದ "ಏನಪ್ಪಾ" ಸಿಕ್ಕಿತ್ತು. ಅದರ ಬಾಲಕ್ಕೆ ಪ್ರಕಾಶ ನೇತಾಡುತ್ತಿದ್ದ.

ಮಾರನೇ ದಿನ ಪ್ರಕಾಶ ಅಜ್ಜಂಪುರದವರನ್ನು ಕರೆದುಕೊಂಡೇ ಬಂದ. "ಇರ್ಲಿ ಬಿಡಣ್ಣ, ಯಾರಿಗಾದ್ರೂ ಆಗೋದೇ" ಅಂದ. ನಕ್ಕಿದ್ದರೆ ವಾಸಿಯಿತ್ತು. ಬ್ಯಾಟರಿ ಬಂತು, ಹಳೇ ಇನ್ವರ್ಟರ್ ಹೋಗಿ ಬೇರೆಯದು ಬಂತು. ಈಗ ಊರಿಗೆಲ್ಲ ಕತ್ತಲಾದರೂ ನಮ್ಮ ಮನೆಗಿಲ್ಲ. ಅತ್ತೆ ಸಂತೋಷವಾಗಿ ಇಲ್ಲೇ ಉಳಿದಿದ್ದಾರೆ. ಸಂತೋಷವಾಗಿದ್ದಾರಲ್ಲ, ಅದಕ್ಕೇ ಮತ್ತೆ "ಅಳಿಯಂದಿರಿಗೆ ಕಾಫಿ ಬೇಕಂತೇನೇ?" ಶುರುವಾಗಿದೆ.

ಮೊನ್ನೆ ಸಂಜೆ ನನಗೆ ತಡೆಯಲಾಗಲಿಲ್ಲ. ಸುಮಾ ಸಂತೆಗೆ ಹೋಗಿದ್ದಳು, ಅತ್ತೆ ಟಿವಿ ಮುಂದಿದ್ದರು. ಮೆಲ್ಲಗೆ ಮೆಟ್ಟಿಲ ಕೆಳಗೆ ಹೋಗಿ, ಈಗ ಮನೆಗೆಲ್ಲ ಕರೆಂಟ್ ಹಾಯಿಸುವ ಹೊಸ ಇನ್ವರ್ಟರಿನ ಸ್ವಿಚ್ ಆರಿಸಿಬಿಟ್ಟೆ. ಮನೆಯೆಲ್ಲ ಗಪ್ಪೆಂದಿತು. "ಏನಪ್ಪಾ!" ಅಂತ ಕೂಗು ಬಂತು. "ಹೇಳಿ ಅತ್ತೆ!" ಅಂತ ಓಡಿದೆ.

"ನೀನು ಏನೂ ಮುಟ್ಟಕ್ಕೆ ಹೋಗ್ಬೇಡ. ಪ್ರಕಾಶನಿಗೆ ಫೋನ್ ಮಾಡಿಕೊಡು, ನಾನೇ ಮಾತಾಡ್ತೀನಿ" ಅಂದರು.

ಮಾಡಿಕೊಟ್ಟೆ. ಅವರಿಬ್ಬರೂ ಮಗು, ತೋಟ, ಹಸುವಿನ ಕರು ಎಲ್ಲಾ ಮಾತಾಡಿಕೊಂಡು ಮುಗಿಸುವವರೆಗೆ ಸ್ವಿಚ್ ಹಾಕುವ ಹಾಗೂ ಇರಲಿಲ್ಲ. ಕೊನೆಗೆ ಅವನು, ಮೆಟ್ಟಿಲ ಕೆಳಗಿನ ಸ್ವಿಚ್ ಒಂದ್ಸಲ ಒತ್ತಿ ನೋಡೋಕೆ ಹೇಳಿ ಅಂದನಂತೆ. ಹೋಗಿ ಒತ್ತಿದೆ. ದೀಪಗಳೆಲ್ಲ ಹತ್ತಿಕೊಂಡವು. ಅಷ್ಟು ಹೊತ್ತಿಗೆ ಸುಮಾ ಸೊಪ್ಪಿನ ಚೀಲ ಹಿಡಿದು ಒಳಗೆ ಬಂದಳು.

"ನೋಡಿದ್ಯೇನೇ," ಅಂದರು ಅತ್ತೆ, "ಶಿವನೀಲಿ ಕೂತ್ಕೊಂಡೇ ಕಡೂರ್ ಲೈಟ್ ಹತ್ತಿಸ್ಬಿಟ್ಟ!"