ಒಂದು ನೂಲಿನ ರೈಲು

ಅರವತ್ತು ದಾಟಿದ ಗಂಡಸಿಗೆ ಮಂಡಿನೋವು ಅಥವಾ ಹುಚ್ಚು, ಎರಡರಲ್ಲಿ ಒಂದು ಹಿಡಿದೇ ಹಿಡಿಯುತ್ತದೆ ಎಂದು ನನ್ನ ಅಂದಾಜು. ನನಗೆ ಮೊದಲು ಹಿಡಿದದ್ದು ಹುಚ್ಚು. ಆ ಹುಚ್ಚಿನ ಸಲುವಾಗಿ ದಿನವಿಡೀ ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂತದ್ದರಿಂದ ಮಂಡಿನೋವೂ ಹಿಂದೆಯೇ ಬಂತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಉಪ್ಪುಂದದಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಾನು ರೈಲು ಬೋಗಿ ಮಾಡುತ್ತೇನೆ.

ಬೈಂದೂರು ಸ್ಟೇಷನ್ನಿನಲ್ಲಿ ಬಂದು ನಿಲ್ಲುತ್ತದಲ್ಲ, ಆ ದೊಡ್ಡ ಬೋಗಿಯಲ್ಲ. ಒಂದು ಮೊಳ ಉದ್ದದ್ದು, ಮರದ್ದು, ನ್ಯಾರೋ ಗೇಜಿನದು. ಗೇಜು ಎಂದರೆ ಎರಡು ಹಳಿಗಳ ನಡುವಿನ ಅಂತರ. ಬೆಟ್ಟಗುಡ್ಡ ಹತ್ತುವ ಪುಟ್ಟ ರೈಲುಗಳಿಗೆ ಅದು ತೀರ ಕಿರಿದು. ಮುಂಬಯಿಯ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಇಪ್ಪತ್ತೆಂಟು ವರ್ಷ ಕೂತ ನನಗೆ ರಜೆ ಎಂಬುದು ಅಪರೂಪ. ಅಂಥ ಒಂದು ರಜೆಯ ದಿನ ಮಾಥೇರಾನಿನ ಪುಟ್ಟ ರೈಲು ಹತ್ತಿದ್ದೆ. ಅದು ಎಷ್ಟು ನಿಧಾನವೆಂದರೆ ಒಬ್ಬ ಪ್ರಯಾಣಿಕ ಇಳಿದು, ಚಹಾ ಕುಡಿದು, ಮತ್ತೆ ಓಡಿ ಬಂದು ಅದೇ ಬೋಗಿ ಹತ್ತಿದ. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಕ್ಕದ್ದೇ ನಕ್ಕದ್ದು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತನ್ನು ಒಮ್ಮೆ ಮೈಮರೆತು ಹೆಂಡತಿ ಜಲಜಳ ಎದುರೇ ಹೇಳಿಬಿಟ್ಟೆ. ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಮೀನು ಸಾರು ಆಗಲಿಲ್ಲ.

ಊರಿಗೆ ಮರಳಿದ ಮೇಲೆ ಅಂಗಳದ ಮೂಲೆಯಲ್ಲಿದ್ದ ಕೊಟ್ಟಿಗೆಯ ಮೇಲೆ ನನ್ನ ಕಣ್ಣು ಬಿತ್ತು. ಅಲ್ಲಿ ಜಲಜಳ ತೆಂಗಿನಕಾಯಿ ರಾಶಿ ಇತ್ತು. ಕಾಯಿಯನ್ನೆಲ್ಲ ಮನೆಯ ಜಗಲಿಗೆ ಸಾಗಿಸಿ, ಕೊಟ್ಟಿಗೆಯಲ್ಲಿ ಒಂದು ಮೇಜು, ಎರಡು ಗರಗಸ, ಉಳಿ, ಅಂಟು, ಬಣ್ಣ ಎಲ್ಲ ಜೋಡಿಸಿದೆ. ಆಮೇಲೆ ಜಗಲಿಗೆ ಬಂದ ನೆಂಟರೆಲ್ಲ ಕಾಯಿ ಎಡವಿ ಬೀಳತೊಡಗಿದರು. ಶಂಕರನಾರಾಯಣ ಊರಿನ ನನ್ನ ಅತ್ತಿಗೆ, ಅಂದರೆ ಜಲಜಳ ಅಕ್ಕ, ಕಾಲು ಉಳುಕಿಸಿಕೊಂಡು ಹೋದ ದಿನ ಜಲಜಳ ಷರತ್ತು ಹೊರಬಿತ್ತು. ತುಳಸಿ ಪೂಜೆಯ ದಿನ ಬಂದವರೆದುರು ರೈಲು ತುಳಸಿಕಟ್ಟೆಗೆ ಒಂದು ಸುತ್ತು ಓಡಬೇಕು. ಓಡದಿದ್ದರೆ ಮರುದಿನವೇ ತೆಂಗಿನಕಾಯಿ ಕೊಟ್ಟಿಗೆಗೆ, ನನ್ನ ಗರಗಸ ಅಟ್ಟಕ್ಕೆ. ನಾನು ಎರಡು ಮಾತಿಲ್ಲದೆ ಒಪ್ಪಿದೆ. ಖುಷಿಯಲ್ಲಿರುವ ಮನುಷ್ಯ ಯಾವ ಷರತ್ತಿಗೂ ಒಪ್ಪುತ್ತಾನೆ.

ಬೋಗಿಯ ತಳದ ಚೌಕಟ್ಟು ಮತ್ತು ಚಕ್ರ ಮಾಡಿಕೊಡಲು ಬಡಗಿ ಮಂಜಾಚಾರ್ರಿಗೆ ಹೇಳಿದೆ. ನಮ್ಮ ಕಡೆಯ ಅರ್ಧದಷ್ಟು ಮನೆಗಳ ಬಾಗಿಲು ಅವರ ಕೈಯಿಂದ ಆದದ್ದು. ಬೋಗಿಯ ಅಗಲ ನಾಲ್ಕೂ ಮುಕ್ಕಾಲು ಇಂಚು, ಹಳಿಯ ಅಂತರ ಒಂದೂ ಮುಕ್ಕಾಲು ಇಂಚು, ಚಕ್ರಗಳು ಅದಕ್ಕೆ ಸರಿಯಾಗಿ ಕೂರಬೇಕು ಎಂದು ಚೀಟಿ ಬರೆದುಕೊಟ್ಟೆ. ಅವರು ಚೀಟಿಯನ್ನು ದೂರ ಹಿಡಿದು ಓದಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಲಗೆಯ ತುಂಡಿನ ಮೇಲೆ ಏನೋ ಲೆಕ್ಕ ಹಾಕಿ, ಆಯ್ತು ಎಂದರು. ಹದಿನೈದು ದಿನಕ್ಕೆ ಎರಡು ಬೋಗಿಯ ತಳ ಬಂತು. ಬೀಟೆಯ ಎಂಟು ಚಕ್ರಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅಳೆದು ನೋಡಲಿಲ್ಲ. ಆಚಾರ್ರ ಕೆಲಸಕ್ಕೆ ಟೇಪು ಹಿಡಿಯುವುದೆಂದರೆ ಭಟ್ಟರ ಮಂತ್ರಕ್ಕೆ ಪುಸ್ತಕ ಬಿಡಿಸಿದ ಹಾಗೆ.

ಆ ತಳದ ಮೇಲೆ ನಾನು ಕಟ್ಟಿದ ಬೋಗಿಗಳನ್ನು ನೀವು ನೋಡಬೇಕಿತ್ತು! ಒಂದು ಸರಕಿನದು, ತೆರೆದದ್ದು. ಇನ್ನೊಂದು ಜನರದು. ಅದಕ್ಕೆ ಹನ್ನೆರಡು ಕಿಟಕಿ, ಪ್ರತಿ ಕಿಟಕಿಗೂ ಜಲಜಳ ರವಿಕೆಯ ಬಟ್ಟೆಯಲ್ಲಿ ಉಳಿದ ತುಂಡಿನ ಪರದೆ, ಒಳಗೆ ಮರದ ಬೆಂಚು, ಬೆಂಚಿನ ಮೇಲೆ ಮಣ್ಣಿನ ಪ್ರಯಾಣಿಕರು. ಒಬ್ಬನನ್ನು ಮಾತ್ರ ಬಾಗಿಲಿಗೆ ನೇತುಹಾಕಿದೆ. ಮುಂಬಯಿಯಲ್ಲಿ ಅಷ್ಟು ವರ್ಷ ಇದ್ದವನಿಗೆ ಬಾಗಿಲಲ್ಲಿ ಯಾರೂ ನೇತಾಡದ ರೈಲು ರೈಲೆಂದೇ ಅನಿಸುವುದಿಲ್ಲ. ಕೆಂಪು ಬಣ್ಣ ಬಳಿದು ಮುಗಿಸಿದ ದಿನ ಊಟವೇ ಸೇರಲಿಲ್ಲ. ಕೈ ತೊಳೆಯಲು ಎದ್ದವನು ಹಾಗೇ ಕೊಟ್ಟಿಗೆಗೆ ಹೋಗಿ ಮತ್ತೊಮ್ಮೆ ನೋಡಿ ಬಂದೆ.

ಹಬ್ಬಕ್ಕೆ ಮೂರು ದಿನ ಇರುವಾಗ ಅಂಚೆಯಲ್ಲಿ ಹಳಿ ಮತ್ತು ಬ್ಯಾಟರಿಯ ಎಂಜಿನ್ ಬಂದವು. ತೆಂಗಿನ ಮರದ ಪಟ್ಟಿಗಳ ಮೇಲೆ ಹಳಿ ಬಡಿದು ತುಳಸಿಕಟ್ಟೆಯ ಸುತ್ತ ಹಾಸಿದೆ. ಎಂಜಿನ್ ಒಂದು ಸುತ್ತು ಹೊಡೆಯಿತು, ಬೆಣ್ಣೆಯ ಮೇಲೆ ಬೆರಳಾಡಿಸಿದ ಹಾಗೆ. ಬೋಗಿಗಳನ್ನು ಒಂದೊಂದಾಗಿ ಎರಡು ಕೈಯಲ್ಲಿ ಎತ್ತಿ ತಂದು ಹಳಿಯ ಮೇಲೆ ಇಟ್ಟೆ. ಕೂರಲಿಲ್ಲ. ತಿರುಗಿಸಿ ಇಟ್ಟೆ, ಆಗಲೂ ಇಲ್ಲ. ಎಂಟು ಚಕ್ರಗಳೂ ಹಳಿಯ ತಲೆಯನ್ನು ಹತ್ತಿ ನಿಂತಿದ್ದವು.

ಮಂಜಾಚಾರ್ರನ್ನು ಕರೆಸಿದೆ. ಅವರಿಗೆ ಸ್ವಲ್ಪವೂ ಗಾಬರಿ ಆಗಲಿಲ್ಲ. ನಮ್ಮ ಬಡಗಿಗಳು ಬಾಗಿಲಾಗಲಿ ಮಂಚವಾಗಲಿ ಆಯ, ಅಂದರೆ ಅಳತೆಯ ಶುಭಾಶುಭ, ನೋಡದೆ ಮಾಡುವವರಲ್ಲ. ಇಂಚಿಗೆ ಎಂಟು ನೂಲು. ಅಳತೆಯನ್ನು ನೂಲಿಗೆ ಇಳಿಸಿ, ಎಂಟೆಂಟಾಗಿ ಕಳೆದು, ಉಳಿದದ್ದು ಎಷ್ಟೆಂದು ನೋಡುವುದು ಇವರ ಲೆಕ್ಕ. ನನ್ನ ನಾಲ್ಕೂ ಮುಕ್ಕಾಲು ಇಂಚು ಎಂದರೆ ಮೂವತ್ತೆಂಟು ನೂಲು. ಎಂಟೆಂಟು ಕಳೆದರೆ ಆರು ಉಳಿಯುತ್ತದೆ. ಆರನೆಯ ಆಯ ಖರ, ಅಂದರೆ ಕತ್ತೆ, ಅಶುಭ. ಏಳನೆಯದು ಗಜ, ಆನೆ, ಶುಭ.

“ಶೆಟ್ರೆ, ನಿಮ್ಮ್ ಅಳತಿಗ್ ಖರಾಯ ಬತ್ತಿತ್ತ್. ಜನ ಕೂಕಂಬ ಗಾಡಿ ಹಾಂಗೆ ಮಾಡುಕಾತ್ತಾ? ಒಂದ್ ನೂಲ್ ಸೇರ್ಸಿದೆ. ಈಗ ಗಜಾಯ,” ಎಂದರು.

ಅಗಲ ಹೆಚ್ಚಿಸಿದ್ದು ಸರಿ, ಚಕ್ರಗಳನ್ನೇಕೆ ದೂರ ಮಾಡಿದಿರಿ ಎಂದು ಕೇಳಿದೆ.

“ಮೈ ಅಗಲ ಆರೆ ಕಾಲೂ ಅಗಲ ಆಯ್ಕಲ್ದಾ?”

ಕೂರುವ ಜನ ಮಣ್ಣಿನವರು, ಅವರಿಗೆ ಕತ್ತೆಯೇನು ಆನೆಯೇನು ಎಂದು ವಾದಿಸಿದೆ. ಜಗಲಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದ ಜಲಜ ಆಚಾರ್ರ ಪಕ್ಷ ಹಿಡಿದಳು. “ತುಳ್ಸಿ ಸುತ್ತ ಕತ್ತೆ ಗಾಡಿ ತಿರ್ಗ್ಸುದ್ ಬ್ಯಾಡ. ಆಚಾರ್ರ್ ಹೇಳದ್ ಸಮ ಇತ್ತ್,” ಎಂದಳು. ಮೈ ಹಾಗೇ ಇರಲಿ, ಚಕ್ರವನ್ನಷ್ಟೇ ಒಳಗೆ ಸರಿಸೋಣವೆಂದರೆ ಆಚಾರ್ರು ಅದನ್ನು ಎತ್ತಿನಗಾಡಿಯ ಗಾಲಿಗೆ ಹೊಡೆದ ಹಾಗೆ ಬೆಣೆ ಹೊಡೆದು ಬಿಗಿದಿದ್ದರು. ಕಿತ್ತರೆ ಸೀಳುತ್ತದೆ, ಹೊಸದು ಮಾಡಲು ಹದಿನೈದು ದಿನ ಬೇಕು.

ಅಷ್ಟರಲ್ಲಿ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಚಕ್ರ ಸರಿಯದಿದ್ದರೆ ಹಳಿ ಸರಿಯಲಿ! ಎರಡು ದಿನ ಊಟ ನಿದ್ದೆ ಮರೆತು, ಬಡಿದ ಒಂದೊಂದೇ ಮೊಳೆಯನ್ನು ಕಿತ್ತು, ಇಡೀ ಸುತ್ತನ್ನು ಒಂದು ನೂಲು ಅಗಲ ಮಾಡಿ ಮತ್ತೆ ಬಡಿದೆ. ಹಬ್ಬದ ದಿನ ಮಧ್ಯಾಹ್ನ ಕಡೆಯ ಮೊಳೆ ಹೊಡೆದು ಬೋಗಿ ಇಟ್ಟರೆ, ಆಹಾ, ಟಕ್ಕೆಂದು ಕೂತಿತು. ಬೆರಳಲ್ಲಿ ನೂಕಿದರೆ ಅರ್ಧ ಅಂಗಳ ಓಡಿತು. ನಾನು ಆ ಮಂಡಿಯಲ್ಲೇ ಒಮ್ಮೆ ಕುಣಿದೆ. ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ನೆಂಟರೆಲ್ಲ ಬಂದು ಕೂತ ಮೇಲೆ ಗತ್ತಿನಿಂದ ಎಂಜಿನ್ ತಂದು ಹಳಿಯ ಮೇಲಿಟ್ಟೆ. ಅದು ಎರಡು ಹಳಿಗಳ ನಡುವೆ ದೊಪ್ಪೆಂದು ಬಿದ್ದು, ಅಲ್ಲೇ ಗುರ್ ಎನ್ನುತ್ತ ಮಣ್ಣು ಕೆದಕಿತು.

ಹೌದು. ಎಂಜಿನ್ ಹಳೆಯ ಅಳತೆಯದೇ ಆಗಿತ್ತು. ಎರಡು ದಿನದ ಸಂಭ್ರಮದಲ್ಲಿ ರೈಲಿಗೆ ಎಂಜಿನ್ ಎಂಬುದೊಂದು ಇರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಮೂರ್ಸಂಜೆಯ ಬೆಳಕಿನಲ್ಲಿ ಹಣತೆಗಳು ಹತ್ತಿದ್ದವು. ಕಟ್ಟೆಯ ಮೇಲೆ ತುಳಸಿಯ ಪಕ್ಕ ನೆಲ್ಲಿಕಾಯಿಯ ಕೊಂಬೆ ನೆಟ್ಟಿತ್ತು. ಅತ್ತಿಗೆ ಉಳುಕಿದ ಕಾಲನ್ನು ಮುಂದೆ ಚಾಚಿ ನನ್ನನ್ನೇ ನೋಡುತ್ತಿದ್ದರು. ನನಗೆ ಕೊಟ್ಟಿಗೆಯ ತುಂಬ ತೆಂಗಿನಕಾಯಿಯೇ ಕಾಣಿಸಿತು. ಆಗ ಜಲಜ ಬಾವಿಕಟ್ಟೆಯಿಂದ ಒಂದು ತುಂಡು ತೆಂಗಿನ ಹಗ್ಗ ತಂದು ನನ್ನ ಕೈಗಿಟ್ಟಳು.

“ಹ್ವಾಯ್, ಜನ ಎಲ್ಲ ಕಾಯ್ತಿದ್ರ್. ಇದ್ ಕಟ್ಟಿ ಎಳ್ದ್ರೆ ಸಾಕಲ್ದಾ?”

ಎಳೆದೆ. ಸರಕಿನ ಬೋಗಿಯಲ್ಲಿ ಅವಲಕ್ಕಿ ಪ್ರಸಾದ ಮತ್ತು ನೆಲ್ಲಿಕಾಯಿ, ಜನರ ಬೋಗಿಯಲ್ಲಿ ಮಣ್ಣಿನ ಪ್ರಯಾಣಿಕರು, ಮುಂದೆ ಬಗ್ಗಿ ನಡೆಯುವ ನಾನು. ಒಂದು ಸುತ್ತು ಎಂದು ಷರತ್ತು, ಆದರೆ ಮಕ್ಕಳು ಬಿಡಬೇಕಲ್ಲ. ಒಂಬತ್ತು ಸುತ್ತು ಎಳೆದೆ. ಕೂ ಎಂದು ಕೂಗಿದವನೂ ನಾನೇ. ಅತ್ತಿಗೆ ಕೂತಲ್ಲಿಂದಲೇ ಕೈ ನೀಡಿ ಪ್ರಸಾದ ತೆಗೆದುಕೊಂಡು, ಮೊದಲ ಸಲ ನನ್ನ ನೋಡಿ ನಕ್ಕರು. ಮಂಜಾಚಾರ್ರು ಮಾತ್ರ ನನ್ನತ್ತ ನೋಡಲೇ ಇಲ್ಲ. ಚಕ್ರವನ್ನೇ ನೋಡುತ್ತ, ಗಜಾಯದ ನಡಿಗೆ ಅಂದರೆ ಇದು ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಎಲ್ಲರೂ ಹೋದ ಮೇಲೆ, ಕೊಟ್ಟಿಗೆಯ ಗತಿ ಏನೆಂದು ಅಳುಕುತ್ತಲೇ ಜಲಜಳನ್ನು ಕೇಳಿದೆ.

“ರೈಲ್ ಓಡ್ಕ್ ಅಂದಿದ್ದೆ. ಯಾರ್ ಓಡ್ಸ್ಕ್ ಅಂದೇಳಿ ನಾ ಹೇಳ್ಲಿಲ್ಲೆ,” ಎಂದಳು.

ಕೊಟ್ಟಿಗೆ ಉಳಿಯಿತು. ಆದರೆ ಮನಸ್ಸಿನಲ್ಲಿ ಒಂದು ಸಂಶಯವೂ ಉಳಿಯಿತು. ಮರುದಿನ ಬೆಳಿಗ್ಗೆ, ಅಂಗಿ ಹೊಲಿಸಬೇಕೆಂದು ಸುಳ್ಳು ಹೇಳಿ, ಜಲಜಳ ಕೈಗೆ ಟೇಪು ಕೊಟ್ಟು ನನ್ನ ಹೆಗಲಿನ ಅಗಲ ಅಳೆಸಿದೆ. ಹದಿನೇಳೂ ಮುಕ್ಕಾಲು ಇಂಚು. ಕೊಟ್ಟಿಗೆಗೆ ಹೋಗಿ ಬಾಗಿಲು ಮುಂದೆ ಮಾಡಿ ನೂಲಿಗೆ ಇಳಿಸಿದೆ, ನೂರ ನಲವತ್ತೆರಡು. ಎಂಟೆಂಟಾಗಿ ಕಳೆದೆ. ಆರು ಉಳಿಯಿತು. ಮತ್ತೊಮ್ಮೆ ಕಳೆದು ನೋಡಿದೆ, ಆಗಲೂ ಆರೇ, ಕತ್ತೆಯೇ. ಅಂದಿನಿಂದ ಜಲಜ ಇನ್ನೊಂದು ಸಲ ಅನ್ನ ಬಡಿಸಲು ಬಂದರೆ ನಾನು ಬೇಡ ಎನ್ನುವುದಿಲ್ಲ. ಹೆಚ್ಚೇನೂ ಬೇಡ, ಒಂದು ನೂಲು ಬೆಳೆದರೆ ಸಾಕು.