ಮೂರನೇ ಸಾರಿಗೆ ಹೋದ ಗಿಟಾರು

ಹುಚ್ಚು ಯಾರಿಗೆ ಯಾವಾಗ ಹಿಡಿಯುತ್ತದೆಂದು ಹೇಳಲಾಗದು. ನನಗೆ ಮದುವೆಯಾಗಿ, ಕೆಲಸ ಕಾಯಂ ಆದ ಮೇಲೆ, ಗುಂಡ್ಲುಪೇಟೆಯ ಬಾಡಿಗೆ ಮಹಡಿ ಮನೆಯಲ್ಲಿ ಹಿಡಿಯಿತು. ಊಟಿಗೆ ಹೋಗಿದ್ದ ಸ್ನೇಹಿತರೊಬ್ಬರು ತಂದ ಕ್ಯಾಸೆಟ್ಟಿನಲ್ಲಿ ಸ್ಪೇನ್ ದೇಶದ ಫ್ಲಮೆಂಕೊ ಕೇಳಿದ್ದೇ ನೆಪ. ಗಿಟಾರು ಮೀಟುತ್ತಾ ಹಿಮ್ಮಡಿಯಿಂದ ನೆಲ ಕುಟ್ಟುವ ಸಂಗೀತ ಅದು. ಮೀಟುವುದು ನನಗೆ ಅಷ್ಟಿಷ್ಟು ಬರುತ್ತಿತ್ತು. ಕುಟ್ಟುವುದು ಬಹಳ ಬೇಗ ಬಂತು. ಕೆಳಗಿನ ಮನೆಯ ಓನರ್ ಊಟಕ್ಕೆ ಕೂತಿದ್ದಾಗ ಅವರ ತಟ್ಟೆಗೆ ಗಾರೆ ಉದುರಿತು; ಅವರು ಎಂಜಲು ಕೈಯಲ್ಲೇ ಮಹಡಿ ಹತ್ತಿ ಬಂದು, ಮನೆ ಖಾಲಿ ಮಾಡಿ ಎಂದುಬಿಟ್ಟರು.

"ಗಣಪತಿ ಪ್ರೋಗ್ರಾಂ ಒಂದು ಮುಗೀಲಿ, ಆಮೇಲೆ ಆ ಗಿಟಾರ್ ಮಾರ್ಬುಡಿ," ಎಂದಳು ನನ್ನ ಹೆಂಡತಿ ಮಂಗಳ. ತಲೆಯಾಡಿಸಿದೆ. ಆ ಪ್ರೋಗ್ರಾಮಿನಲ್ಲಿ ನಮ್ಮ ಬ್ಯಾಂಡನ್ನು ಒಮ್ಮೆ ಕೇಳಿದರೆ ಅವಳೇ ಮನಸ್ಸು ಬದಲಾಯಿಸುತ್ತಾಳೆಂದು ನನ್ನ ಲೆಕ್ಕಾಚಾರ.

ಬ್ಯಾಂಡೆಂದರೆ ನಾವು ಮೂವರು. ಭೀಮನಬೀಡಿನ ಶಿವಣ್ಣನದು ಮೈಕ್ ಸೆಟ್ ಅಂಗಡಿ. ಅವನು ಸೌಂಡು ಪೂರ್ತಿ ಏರಿಸಿ ಎಲೆಕ್ಟ್ರಿಕ್ ಗಿಟಾರು ಬಾರಿಸಿದರೆ ಅದೇ ಹೆವಿ ಮೆಟಲ್. ತರಕಾರಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವ ಮಹದೇವನದು ತಾಳಕ್ಕೆ ಪಟಪಟನೆ ಮಾತು ಉದುರಿಸುವ ರ‍್ಯಾಪ್. "ಇದ್ನೇ ಕಣ್ಲಾ ನಾನು ದಿನಾ ಬೆಳಗ್ಗೆ ಮಾಡದು!" ಎಂದು ಅವನು ಮೊದಲ ದಿನವೇ ನಕ್ಕಿದ್ದ.

ಮಾರ್ಕೆಟ್ಟಿನ ಗಣಪತಿ ಮುಂದೆ ಶುರುವಾಯಿತು ನೋಡಿ! ಶಿವಣ್ಣನ ಗಿಟಾರಿಗೆ ಶಾಮಿಯಾನವೇ ನಡುಗಿತು. ನಾನು ಕುಟ್ಟಿದ್ದಕ್ಕೆ ಸ್ಟೇಜಿನ ಹಲಗೆಗಳು ಕುಣಿದವು. ಮಹದೇವ ಹೆಗಲ ಟವೆಲ್ ಬೀಸುತ್ತಾ ಟೊಮೆಟೊ, ಬೀನ್ಸ್, ಕೋಸು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೂಗಿದ. ಮುಂದಿದ್ದವರೆಲ್ಲ ವ್ಯಾಪಾರಸ್ಥರೇ, ಅಭ್ಯಾಸಬಲದಿಂದ ಎದ್ದು ನಿಂತು ಬೆಲೆ ಕೂಗತೊಡಗಿದರು. ತರಕಾರಿ ಒಯ್ಯಲು ಬಂದಿದ್ದ ಕೇರಳದ ಲಾರಿಯವರೂ ಸೇರಿಕೊಂಡರು. ತರಕಾರಿಗಳ ಹೆಸರು ಮುಗಿದುಹೋದಾಗ ಮಹದೇವನ ಕಣ್ಣು ನನ್ನ ಮೇಲೆ ಬಿತ್ತು. "ಗಿಟಾರ್ ಬಂತಣ್ಣೋ ಗಿಟಾರು!" ನಾನು ಇದೂ ಹಾಡೇ ಎಂದುಕೊಂಡು ಇನ್ನಷ್ಟು ಕುಟ್ಟಿದೆ. ಆ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಹೆಂಗಸರ ಕಡೆಯಿಂದ ಒಂದು ಪರಿಚಿತ ದನಿ ಬೆಲೆ ಏರಿಸಿತು. "ಒಂದ್ಸರಿ! ಎರಡ್ಸರಿ! ಮೂರ‍್ಸರಿ!" ಟವೆಲ್ ಹಲಗೆಗೆ ಬಿತ್ತು.

ಟವೆಲ್ ಬಿದ್ದ ಮೇಲೆ ಆ ಮಾರ್ಕೆಟ್ಟಿನಲ್ಲಿ ಮಾತು ವಾಪಸ್ಸು ಇಲ್ಲ. ಹರಾಜಾದದ್ದು ನನ್ನ ಗಿಟಾರೇ ಎಂದು ಆಗ ಹೊಳೆದು, ಸ್ಟೇಜಿನಿಂದ ಇಳಿದ ಮೇಲೆ ಮಹದೇವನನ್ನು ಗೋಗರೆದೆ. "ತಪ್ಪಾಗೋಯ್ತು ಕಣ್ಲಾ, ಆದ್ರೆ ಮೂರ‍್ಸರಿ ಅಂದ್ಬುಟ್ಟೆ," ಎಂದು ಮಹದೇವ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಕೊಂಡವಳೇ ಬಂದು ನನ್ನ ಕೈಯಿಂದ ಗಿಟಾರು ತೆಗೆದುಕೊಂಡಳು. ಮಂಗಳ!

"ಲಾರಿಯೋರು ತಕ್ಕೊಂಡೋಗ್ಬುಟ್ರೆ ನೀವು ಊಟ ಬುಡ್ತಿದ್ರಿ," ಎಂದಳು. "ಈಗ ಇದು ನಂದು. ನಾನು ಹೇಳ್ದಂಗೆ ಬಾರಿಸ್ಬೇಕು."

ಇಂದಿಗೂ ಗಿಟಾರು ಅವಳದೇ. ನಾನು ಪಾತ್ರೆ ತೊಳೆದ ಮೇಲೆ ನನ್ನ ಕೈಗೆ ಸಿಗುತ್ತದೆ. ಓನರ್ ಮನೆ ಖಾಲಿ ಮಾಡಿಸುವ ಮಾತು ಬಿಟ್ಟು ಸಮಾಧಾನವಾಗಿ ಊಟ ಮಾಡುತ್ತಾರೆ. ಏಕೆಂದರೆ ಸ್ಪೇನಿನ ಆ ಮಹಾಕಲೆಯನ್ನು ನಾನೀಗ ಹಾಸಿಗೆಯ ಮೇಲೆ ನಿಂತು ಕುಟ್ಟುತ್ತೇನೆ.