ಮೇಸ್ತ್ರಿಯ ಗುಳಿಗಿ, ಮಲಿಕಸಾಬನ ಕಲ್ಲು

ಹುಲಗೆಮ್ಮ: ಚೀಲ ಯಾಕ ಬಿತ್ತು ಅಂತ ಕೇಳಿದ್ನಿ. ಚೀಲ ಯಾರು ಹೊಲದಾರ ಅಂತ ಕೇಳಲಿಲ್ಲ.

ಪಂಪಣ್ಣ: ಹೊಲಿಗಿ ಬಿಚ್ಚಿತ್ತು ಅಂದ್ನೆಲ್ಲ! ಹಳೇ ಚೀಲ ಅದು.

ಹುಲಗೆಮ್ಮ: ಹೌದ್ರಿ, ತಪ್ಪೆಲ್ಲಾ ಚೀಲದ್ದ. ನಿಮ್ಮ ಕೈ ನಡುಗಿದ್ದೂ ಚೀಲದ ತಪ್ಪ, ನೀವು ಹೊಸ್ತಿಲಾಗ ಕುಂಡಿ ಊರಿದ್ದೂ ಚೀಲದ ತಪ್ಪ. ಅರ್ಧಾ ಚೀಲ ಜ್ವಾಳ ಒಳಗ ತರಾಕ ಆಗಲಿಲ್ಲ, ಹಮಾಲರ ಮೇಸ್ತ್ರಿ ಅಂತ!

ಪಡಸಾಲೆಯ ತುಂಬ ಜೋಳ ಹರಡಿತ್ತು. ಯಾರೂ ಕರೆಯದಿದ್ದರೂ ನೆರೆಮನೆಯ ಕೋಳಿಗಳು ಆಗಲೇ ಬಂದಿದ್ದವು. ಹುಲಗೆಮ್ಮ ಕೋಳಿ ಓಡಿಸುತ್ತ, ಗಂಡನನ್ನು ಬೈಯುತ್ತ, ಒಂದೇ ಕೈಯಲ್ಲಿ ಎರಡೂ ಕೆಲಸ ನಡೆಸಿದ್ದಳು.

ಪಂಪಣ್ಣ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ಕ್ವಿಂಟಲ್ ಚೀಲ ಬೆನ್ನ ಮೇಲೆ ಹೊತ್ತವನು. ಎಂಬತ್ತರ ಇಸವಿಯಲ್ಲಿ ಮೇಸ್ತ್ರಿಯಾದ. ಅಲ್ಲಿಂದ ನೆರಳಲ್ಲಿ ಕೂತು, ಹೊರುವವರನ್ನು ಬೈಯುವುದೇ ಅವನ ಕೆಲಸ. ಮೂರು ವರ್ಷದಲ್ಲಿ ಹೊಟ್ಟೆ ಎಷ್ಟು ಬೆಳೆಯಿತೆಂದರೆ, ತಮಾಷೆಗೆ ಗಿರಣಿಯ ತಕ್ಕಡಿ ಹತ್ತಿದರೆ ಅಕ್ಕಿ ಚೀಲಕ್ಕಿಂತ ಎಂಟು ಕಿಲೋ ಜಾಸ್ತಿ ತೂಗಿದ. ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಹೊಸಪೇಟೆಯ ಡಾಕ್ಟರೊಬ್ಬರು ಹಸಿವು ಕಟ್ಟುವ ಗುಳಿಗೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಹದಿನಾರು ಕಿಲೋ ಇಳಿದ. ಊರೆಲ್ಲ ಹೊಗಳಿತು. ಹುಲಗೆಮ್ಮನೂ ಒಂದು ವಾರ ಹೊಗಳಿದಳು. ಆಮೇಲೆ ಒಂದು ಕೊಡ ನೀರು ಸೇದಿ ಬಾವಿಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತ ಗಂಡನನ್ನು ಕಂಡು ಅವಳ ಹೊಗಳಿಕೆ ನಿಂತಿತು, ಅಂಜಿಕೆ ಶುರುವಾಯಿತು. ಅಂಜಿಕೆಯಾದಾಗ ಅವಳಿಗೆ ಬರುವುದು ಬೈಗುಳವೊಂದೇ.

ಹುಲಗೆಮ್ಮ: ಮುಂಜಾನಿ ಏನು ತಿಂದ್ರಿ?

ಪಂಪಣ್ಣ: ಗುಳಿಗಿ.

ಹುಲಗೆಮ್ಮ: ಗುಳಿಗಿ ಆದಮ್ಯಾಲೆ?

ಪಂಪಣ್ಣ: ಊಟಕ್ಕ ಅರ್ಧಾ ತಾಸು ಮೊದಲ ನುಂಗು ಅಂದಾರ. ನುಂಗಿ ಅರ್ಧಾ ತಾಸು ಕಾಯ್ತೀನಿ. ಅಷ್ಟೊತ್ತಿಗೆ ಹಸಿವಿ ಹೋಗಿರತೈತಿ. ಊಟ ಬಿಡ್ತೀನಿ.

ಹುಲಗೆಮ್ಮ: ಭಾಳ ಛಲೋ ಆತು. ನಾಳೆಯಿಂದ ಒಲಿ ಹಚ್ಚೂದೂ ಬಿಡ್ತೀನಿ.

ಅಷ್ಟರಲ್ಲಿ ಅಂಗಿಯ ಗಂಟು ಹಿಡಿದು ಮಲಿಕಸಾಬ ಬಂದ. ಹಗಲು ದರ್ಜಿ, ಸಂಜೆ ತಾಲೀಮು ಮನೆಯಲ್ಲಿ ಕುಸ್ತಿ ಕಲಿಸುವ ಉಸ್ತಾದ. ವಯಸ್ಸು ಅರವತ್ತಾದರೂ ಬಾಗಿಲಲ್ಲಿ ಅಡ್ಡಡ್ಡ ಬರಬೇಕು, ಅಂಥ ಎದೆ.

ಮಲಿಕಸಾಬ: ತಗೋ ಪಂಪಾ, ಮೂರನೇ ಸಲ ಅಂಗಿ ಹಿಡಿಸಿ ಸಣ್ಣ ಮಾಡೀನಿ. ಇನ್ನೊಮ್ಮಿ ಹಿಡಿಸಿದ್ರ ಎರಡೂ ಕಿಸೆ ಬೆನ್ನಿಗೆ ಹೋಗ್ತಾವು. ಏನ್ ತಂಗಿ, ಪಡಸಾಲ್ಯಾಗ ಬಿತ್ತಗಿ ನಡಸೀರೇನು?

ಹುಲಗೆಮ್ಮ: ಮೇಸ್ತ್ರೇರು ಚೀಲ ಎತ್ತಿದ್ರಣ್ಣಾರ. ಅದರ ಸಂಭ್ರಮ.

ಪಂಪಣ್ಣ: ಸಾಬಣ್ಣ, ನಿನ್ನ ಮುಂದ ಯಾಕ ಮುಚ್ಚಿಡ್ಲಿ. ನಿನ್ನಿ ಗಿರಣ್ಯಾಗ ಎಡವಿದ್ನಿ. ನಮ್ಮ ಹಮಾಲರೊಳಗಿನ ತಿರುಪತಿ ನೋಡಿದ. ಎಲ್ಲಾರ ಮುಂದ ಅಂದ, 'ಚೀಲ ಎತ್ತಲಾರದಾಂವ ಚೀಲ ಎತ್ತಾವರಿಗೆ ಮೇಸ್ತ್ರಿ ಹೆಂಗಾಗ್ತಾನ?' ಹೊಸ ಭತ್ತ ಬಂದ ದಿನ ಒಂದು ಕ್ವಿಂಟಲ್ ಹೊತ್ತು ಲಾರಿ ಹಲಗಿ ಹತ್ತಬೇಕಂತ. ಇಲ್ಲಾಂದ್ರ ಮೇಸ್ತ್ರಿ ತಾನಂತ.

ಹುಲಗೆಮ್ಮನ ಕೈಯಲ್ಲಿದ್ದ ಮೊರ ನಿಂತಿತು. ಈ ಮಾತು ಅವಳಿಗೆ ಗೊತ್ತೇ ಇರಲಿಲ್ಲ.

ಹುಲಗೆಮ್ಮ: ಊರಿಗೆಲ್ಲಾ ಹೇಳಿ ಕಡೀಕ ಹೆಣ್ತಿಗೆ ಹೇಳಿದ್ರಿ. ನನ್ನ ಪುಣ್ಯಾ ದೊಡ್ಡದು.

ಮಲಿಕಸಾಬ ಪಂಪಣ್ಣನ ರಟ್ಟೆ ಹಿಡಿದು ಬಟ್ಟೆ ನೋಡುವ ಹಾಗೆ ಹಿಸುಕಿ ನೋಡಿದ.

ಮಲಿಕಸಾಬ: ಪಂಪಾ, ಬೊಜ್ಜಿನ ಜೋಡಿ ನಿನ್ನ ಖಂಡಾನೂ ಹೋಗೈತಲ್ಲೋ. ಉಣ್ಣಂಗಿಲ್ಲ, ಎತ್ತಂಗಿಲ್ಲ, ಮತ್ತ ಖಂಡ ಯಾರ ಮಾರಿ ನೋಡಿ ನಿಲ್ಲಬೇಕು?

ಪಂಪಣ್ಣ: ಹಂಗಾದ್ರ ಇವತ್ತ ಗುಳಿಗಿ ಬಿಡ್ತೀನಿ.

ಮಲಿಕಸಾಬ: ಬಿಟ್ರ ಬೊಜ್ಜು ಓಡಿ ಬರತೈತಿ. ಖಂಡ ಬರಂಗಿಲ್ಲ. ನಾ ದರ್ಜಿ, ಗುಳಿಗಿ ಮಾತು ನನಗ ಬ್ಯಾಡ. ಹೋಗಿ ಡಾಕ್ಟರ್‌ನ ಕೇಳು.

ಮರುದಿನ ಪಂಪಣ್ಣ ಹೊಸಪೇಟೆಯ ಬಸ್ಸು ಹತ್ತಿದ. ಸಂಜೆ ತಿರುಗಿ ಬಂದಾಗ ಬಾಗಿಲಲ್ಲೇ ವಿಚಾರಣೆ ಶುರುವಾಯಿತು.

ಹುಲಗೆಮ್ಮ: ಏನಂದ್ರು ಡಾಕ್ಟರು?

ಪಂಪಣ್ಣ: ಬೈದ್ರು. ಕಡಿಮಿ ಉಣ್ಣು ಅಂದಿದ್ನಿ, ಉಪಾಸ ಬೀಳು ಅಂದಿದ್ನೇನು ಅಂದ್ರು. ಗುಳಿಗಿ ಅರ್ಧಾ ಮಾಡಿ, ಇನ್ನೊಂದು ತಿಂಗಳಿಗೆ ಮುಗಸು ಅಂದ್ರು. ಹಸಿವಿ ಇರಲಿ ಬಿಡಲಿ, ಕಾಳು, ಮೊಟ್ಟಿ, ಮಜ್ಜಗಿ ತಪ್ಪಿಸಬ್ಯಾಡ ಅಂದ್ರು.

ಹುಲಗೆಮ್ಮ: ಮತ್ತ?

ಪಂಪಣ್ಣ: ವಾರದಾಗ ನಾಲ್ಕು ದಿನ ಸುಮ್ನ ಇರು ಅಂದ್ರು.

ಹುಲಗೆಮ್ಮ: ಉಳಿದ ಮೂರು ದಿನ?

ಪಂಪಣ್ಣ: ...ಭಾರ ಎತ್ತು ಅಂದ್ರು. ನಾ ಮೊದಲ ನಾಲ್ಕು ದಿನದ್ದು ಮುಗಿಸಿಬಿಡ್ತೀನಿ.

ಹುಲಗೆಮ್ಮ: ಅವನ್ನ ಮೂರು ವರ್ಷದಿಂದ ಮಾಡೇರಿ. ಬಾಕಿ ಏನೂ ಇಲ್ಲ. ನಡೀರಿ ತಾಲೀಮಿಗೆ.

ತಾಲೀಮು ಮನೆಗೆ ಹೋಗಲು ಪಂಪಣ್ಣ ಒಪ್ಪಲಿಲ್ಲ. ಅಲ್ಲಿ ನಾಲ್ಕು ಜನ ನೋಡುತ್ತಾರೆ. ಕೊನೆಗೆ ಮಲಿಕಸಾಬನೇ ಒಂದು ದುಂಡು ಕಲ್ಲನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು ಹಿತ್ತಲಲ್ಲಿ ಇಳಿಸಿದ.

ಪಂಪಣ್ಣ: ಇದೇನು? ಹದಿನೈದು ಕಿಲೋನೂ ಇಲ್ಲ. ಉಪ್ಪಿನಕಾಯಿ ಗಡಗಿ ಮ್ಯಾಲೆ ಇಡೋ ಕಲ್ಲು ತಂದೀಯಲ್ಲೋ. ನಾ ಕ್ವಿಂಟಲ್ ಹೊತ್ತಾಂವ!

ಮಲಿಕಸಾಬ: ಹೊತ್ತಾಂವ, ಖರೆ. ಈಗ ಇದನ್ನ ಎದೀಮಟ ಹತ್ತು ಸಲ ಎತ್ತು. ಸಾವಕಾಶ.

ಒಂದು, ಎರಡು, ಮೂರು ಸಲೀಸಾಗಿ ಎದ್ದವು. ಐದಕ್ಕೆ ಮುಖ ಕೆಂಪಾಯಿತು. ಏಳಕ್ಕೆ ಕಲ್ಲು ಕೈಯಿಂದ ಜಾರಿ ಮಣ್ಣಿನಲ್ಲಿ ಕೂತಿತು. ಅದರ ಪಕ್ಕದಲ್ಲೇ ಪಂಪಣ್ಣನೂ ಕೂತ. ಹುಲಗೆಮ್ಮ ಈಗ ಏನೋ ಅಂತಾಳೆ ಎಂದು ಗಂಡಸರಿಬ್ಬರೂ ಕಾದರು. ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಹೋಗಿ ಒಲೆಯ ಮುಂದೆ, ಹೊಗೆಯೇ ಇಲ್ಲದಿದ್ದರೂ, ಸೆರಗಿನಿಂದ ಎರಡು ಸಲ ಕಣ್ಣು ಒರೆಸಿಕೊಂಡಳು. ಆಮೇಲೆ ಎರಡು ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಮಡಕಿಕಾಳು ತಂದು ಅವನ ಮುಂದೆ ಕುಕ್ಕಿದಳು.

ಪಂಪಣ್ಣ: ಹಸಿವಿಲ್ಲ.

ಹುಲಗೆಮ್ಮ: ಹಸಿವಿ ಐತೇನು ಅಂತ ಯಾರು ಕೇಳಿದ್ರು? ಗುಳಿಗಿ ನುಂಗುವಾಗ ಗುಳಿಗಿ ಮ್ಯಾಲೆ ಹಸಿವಿ ಇತ್ತೇನು? ಹಂಗ ಇದನ್ನೂ ನುಂಗ್ರಿ.

ಅವತ್ತಿನಿಂದ ವಾರಕ್ಕೆ ಮೂರು ಸಂಜೆ ಹಿತ್ತಲಲ್ಲಿ ಜಗಳ, ಜಗಳದ ನಡುವೆ ತಾಲೀಮು. ಹುಲಗೆಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎಣಿಸುತ್ತಿದ್ದಳು.

ಪಂಪಣ್ಣ: ಎಂಟು!

ಹುಲಗೆಮ್ಮ: ಏಳೂವರಿ. ಎದೀಮಟ ಅಂದಾರ ಉಸ್ತಾದರು, ಹೊಕ್ಕಳಮಟ ಅಲ್ಲ.

ಪಂಪಣ್ಣ: ನೀ ಎತ್ತು ನೋಡೂಣು!

ಹುಲಗೆಮ್ಮ: ತಲಿ ಮ್ಯಾಲೊಂದು, ಟೊಂಕದಾಗೊಂದು ಕೊಡಾ ಇಟ್ಟು ದಿನಾ ಬಾವಿಯಿಂದ ಬರ್ತೀನಲ್ರಿ. ನನಗ ಯಾವ ಸಾಬಣ್ಣ 'ಶಾಭಾಷ್' ಅಂದಾನ? ಎತ್ತ್ರಿ, ಎಂಟು!

ಎರಡು ತಿಂಗಳಲ್ಲಿ ಕಲ್ಲು ದೊಡ್ಡದಾಗುತ್ತ ಹೋಯಿತು. ಹದಿನೈದು ಇಪ್ಪತ್ತೈದಾಯಿತು, ನಲವತ್ತಾಯಿತು. ಆಮೇಲೆ ಮರಳು ತುಂಬಿದ ಚೀಲ ಬಂತು. ಗುಳಿಗೆ ಮುಗಿದವು. ತೂಕ ತೊಂಬತ್ತರ ಹತ್ತಿರವೇ ನಿಂತಿತು, ಆದರೆ ಅಂಗಿಯ ತೋಳು ಬಿಗಿಯಾಯಿತು. ತಾನೇ ಹಿಡಿಸಿದ ಹೊಲಿಗೆಯನ್ನು ಮಲಿಕಸಾಬ ತಾನೇ ಬಿಚ್ಚಿದ. ಬಿಚ್ಚುವಾಗ ಅವನ ಮುಖದಲ್ಲಿದ್ದ ಸಂತೋಷ ಯಾವ ದರ್ಜಿಗೂ ಬರುವಂಥದ್ದಲ್ಲ.

ಹೊಸ ಭತ್ತ ಬಂದ ದಿನ ಗಿರಣಿಯ ಮುಂದೆ ಹಮಾಲರೆಲ್ಲ ಸೇರಿದರು. ಬುತ್ತಿ ಕೊಡುವ ನೆಪ ಮಾಡಿಕೊಂಡು ಹುಲಗೆಮ್ಮನೂ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದಳು.

ತಿರುಪತಿ: ಅಣ್ಣಾ, ಒಲ್ಲೆ ಅಂದ್ರ ಈಗ ಅಂದುಬಿಡು. ಟೊಂಕ ಮುರದ್ರ ನನಗ ಅನ್ನಬ್ಯಾಡ.

ಪಂಪಣ್ಣ: ಹೊರಸೋ ನೀ.

ಇಬ್ಬರು ಸೇರಿ ಕ್ವಿಂಟಲ್ ಚೀಲವನ್ನು ಎತ್ತಿ ಅವನ ಬೆನ್ನಿಗಿಟ್ಟರು. ಮೊಣಕಾಲು ಒಮ್ಮೆ ಬಾಗಿತು. ಹುಲಗೆಮ್ಮ ಗಿಡದ ನೆರಳಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಮೊಣಕಾಲು ನೆಟ್ಟಗಾಯಿತು. ಪಂಪಣ್ಣ ಒಂದೊಂದೇ ಹೆಜ್ಜೆ ಇಟ್ಟು, ಹಲಗೆ ಹತ್ತಿ, ಲಾರಿಯ ಮೂಲೆಯಲ್ಲಿ ಚೀಲ ಇಳಿಸಿ ತಿರುಗಿ ನಿಂತ. ಹಮಾಲರು ಕೇಕೆ ಹಾಕಿದರು. ತಿರುಪತಿ ತಲೆಯ ಟವೆಲ್ ತೆಗೆದು, 'ತಪ್ಪಾತು ಅಣ್ಣಾ, ನೀನ ಮೇಸ್ತ್ರಿ' ಅಂದ. ಗದ್ದಲ ಕೇಳಿ ಗಿರಣಿಯ ಸಾವಕಾರರು ಹೊರಗೆ ಬಂದರು.

ಸಾವಕಾರ: ವ್ಹಾ ಪಂಪಣ್ಣ! ಇಂಥಾ ತಾಕತ್ ಇಟಗೊಂಡು ಮೂರು ವರ್ಷ ನೆರಳಾಗ ಕುಂತಿದ್ದೇನು? ಮೇಸ್ತ್ರಿ ನೀನ, ಸುಳ್ಳಲ್ಲ. ಖರೆ ಈಗ ಸುಗ್ಗಿ, ಹಮಾಲರು ಇಬ್ಬರು ಕಡಿಮಿ ಅದಾರ. ನಾಳೆಯಿಂದ ನೀನೂ ಒಂದು ಬೆನ್ನು ಕೊಡು.

ಅಷ್ಟು ಹೇಳಿ ಸಾವಕಾರರು ಒಳಗೆ ಹೋದರು. ಪಂಪಣ್ಣ ಬೇವಿನ ಗಿಡದ ಕೆಳಗೆ ಬಂದು ಬುತ್ತಿ ಬಿಚ್ಚಿದ.

ಪಂಪಣ್ಣ: ಕೇಳಿದೇನ? ಗೆದ್ದದ್ದಕ್ಕ ಬಂದ ಬಹುಮಾನ. ನಾ ಚೀಲ ಹೊರೂ ಹೊತ್ತಿಗೆ ಹಮಾಲರನ್ನ ನೋಡಿಕೊಳ್ಳೂದು, ಬೈಯೂದು ಯಾರು?

ಹುಲಗೆಮ್ಮ: ಅದರ ಚಿಂತಿ ಬಿಡ್ರಿ. ನಾಳೆಯಿಂದ ನಾ ಬಂದು ಇಲ್ಲೇ ನೆರಳಾಗ ಕುಂದರ್ತೀನಿ. ಆ ಕೆಲಸದಾಗ ನಂದೂ ಎರಡು ತಿಂಗಳ ತಾಲೀಮು ಆಗೈತಿ.